"ವಿ ವಿಲ್ ಟ್ರೈ" ಅಂದ್ರೆ ಆಗಲ್ಲ ಅಂತ

ಹೋದ ವರ್ಷ ನನ್ನನ್ನು ಟೀಮ್ ಲೀಡ್ ಅಂತ ಮಾಡಿದ ಮೇಲೆ ಎಚ್.ಆರ್.ನವರು ಮಾಡಿದ ಮೊದಲ ಕೆಲಸ ಅಂದ್ರೆ ಒಂದು ಟ್ರೈನಿಂಗಿಗೆ ಕೂರಿಸಿದ್ದು. ಬೇರೆ ದೇಶದವರ ಜೊತೆ ಕೆಲಸ ಮಾಡುವುದು, ಅವರಿಂದ ಮಾಡಿಸುವುದು ಹೇಗೆ ಅನ್ನೋದರ ಬಗ್ಗೆ. ಮೂರು ಗಂಟೆ, ಮಧ್ಯದಲ್ಲಿ ಸಮೋಸ. ನೀವೂ ಯಾವುದಾದರೂ ಎಂ.ಎನ್.ಸಿ.ಯಲ್ಲಿ ಇದ್ರೆ ಇದನ್ನು ಅನುಭವಿಸಿಯೇ ಇರ್ತೀರಿ. ನೀರಿನಲ್ಲಿ ಮುಕ್ಕಾಲು ಮುಳುಗಿದ ಮಂಜುಗಡ್ಡೆಯ ಚಿತ್ರ ಬಂದೇ ಬರುತ್ತೆ. ಜಪಾನಿನವರಿಗೆ ವಿಸಿಟಿಂಗ್ ಕಾರ್ಡನ್ನು ಎರಡೂ ಕೈಯಲ್ಲಿ ಕೊಡಬೇಕು, ಜರ್ಮನ್ನರು ಮುಖದ ಮೇಲೇ ಹೇಳಿಬಿಡ್ತಾರೆ, ಬೇಜಾರು ಮಾಡ್ಕೋಬಾರದು, ಇಂಡಿಯನ್ಸ್ ಯಾವುದಕ್ಕೂ 'ಇಲ್ಲ' ಅನ್ನಲ್ಲ, ತಲೆ ಅಲ್ಲಾಡಿಸಿದರೆ ಹೌದೋ ಅಲ್ಲವೋ ದೇವರಿಗೇ ಗೊತ್ತು... ಇತ್ಯಾದಿ ಇತ್ಯಾದಿ.

ನಾನಿರುವುದು ಗಾಡಿಗಳ ಬಿಡಿಭಾಗ ತಯಾರಿಸುವ ಒಂದು ಜರ್ಮನ್ ಕಂಪನಿಯ ಬೆಂಗಳೂರು ಆಫೀಸಿನಲ್ಲಿ (ಹೆಸರು ಬೇಡ ಬಿಡಿ, ಕೆಲಸ ಬೇಕು :-) ). ಟೀಮಿನಲ್ಲಿ ಇಲ್ಲಿ ಏಳು ಜನ, ಜರ್ಮನಿಯಲ್ಲಿ ನಾಲ್ಕು, ಪೋಲೆಂಡಿನಲ್ಲಿ ಇಬ್ಬರು. ಮ್ಯಾನೇಜರ್ ಜರ್ಮನ್.

ಟ್ರೈನಿಂಗಿನಲ್ಲಿ ವಾಲ್‌ಮಾರ್ಟ್ ಕತೆಯೂ ಬಂತು. 1997ರಲ್ಲಿ ಜರ್ಮನಿಗೆ ಹೋದ ಕಂಪನಿ 2006ರಲ್ಲಿ ಗಂಟುಮೂಟೆ ಕಟ್ಟಿತು, ಯಾಕಂದ್ರೆ ಅಂಗಡಿಯ ನೌಕರರಿಗೆ ಗಿರಾಕಿಗಳನ್ನು ನೋಡಿ ನಗಬೇಕು ಅಂತ ಹೇಳಿತ್ತು, ಜರ್ಮನ್ನರಿಗೆ ಅದು ಹಿಡಿಸಲಿಲ್ಲ ಅಂತ. ಕೇಳೋಕೆ ಮಜಾ ಇದೆ. ಆದ್ರೆ ಆಲ್ಡಿ, ಲಿಡ್ಲ್ ಥರದ ಅಂಗಡಿಗಳು ಅಲ್ಲಿ ಮೊದಲೇ ಅಗ್ಗಕ್ಕೆ ಮಾರುತ್ತಾ ಕೂತಿದ್ದವು ಅನ್ನೋದನ್ನ ಸ್ಲೈಡಿನಲ್ಲಿ ಯಾಕೆ ಹಾಕಲ್ಲವೋ ಗೊತ್ತಿಲ್ಲ. ನಗು ಬಂದು ಅಂಗಡಿ ಮುಚ್ಚಿತು ಅನ್ನೋ ಕತೆ ಹೇಳೋಕೆ ಸುಲಭ, ಅದಕ್ಕೇ ಇರಬೇಕು.

ಆಮೇಲೆ ಬಂದವರು ಹಾಫ್‌ಸ್ಟೆಡ್. ಗೀರ್ಟ್ ಹಾಫ್‌ಸ್ಟೆಡ್, ಹಾಲೆಂಡಿನವರು, 2020ರಲ್ಲಿ ತೀರಿಕೊಂಡರು. ಓದಿದ್ದು ನಮ್ಮ ಹಾಗೆ ಇಂಜಿನಿಯರಿಂಗ್, ಅದೂ ಮೆಕ್ಯಾನಿಕಲ್. 1967ರಿಂದ 1973ರ ನಡುವೆ ಐಬಿಎಂ ತನ್ನ ದೇಶವಿದೇಶದ ನೌಕರರಿಗೆ ಪ್ರಶ್ನಾವಳಿ ಹಂಚಿತ್ತು. ಬಂದ ಒಂದು ಲಕ್ಷಕ್ಕೂ ಹೆಚ್ಚು ಉತ್ತರಗಳನ್ನು ಇಟ್ಟುಕೊಂಡು ಇವರು 1980ರಲ್ಲಿ ಪುಸ್ತಕ ಬರೆದರು. ಅದರಲ್ಲಿ ಒಂದೊಂದು ದೇಶಕ್ಕೂ ಅಂಕ ಇದೆ. 'ಅಧಿಕಾರದ ಅಂತರ' ಅನ್ನೋ ಸಬ್ಜೆಕ್ಟಿನಲ್ಲಿ ಭಾರತಕ್ಕೆ 77, ಜರ್ಮನಿಗೆ 35. ಅಂದ್ರೆ ನಾವು ಮೇಲಿನವರು ಕೆಳಗಿನವರು ಅನ್ನೋದನ್ನ ಒಪ್ಪಿಕೊಂಡು ಬದುಕೋರು, ಜರ್ಮನ್ನರು ಅಷ್ಟಾಗಿ ಒಪ್ಪದವರು. ಟ್ರೈನರ್ ಎರಡು ಕಂಬ ತೋರಿಸಿದರು, ಒಂದು ಉದ್ದ ಒಂದು ಗಿಡ್ಡ. "ಅದಕ್ಕೇ ನಿಮ್ಮವರು ಬಾಯಿ ಬಿಡಲ್ಲ" ಅಂತ ವಿಷಯ ಮುಗಿಸಿಬಿಟ್ಟರು.

ನನಗೆ ಅಷ್ಟಕ್ಕೆ ಮುಗಿಯಲಿಲ್ಲ. ಮನೆಗೆ ಬಂದು ಹುಡುಕಿದೆ. ಈ ಅಂಕ ಲೆಕ್ಕ ಹಾಕಿದ್ದು ಮೂರೇ ಪ್ರಶ್ನೆಗಳಿಂದ. ಅದರಲ್ಲಿ ಒಂದು, ನೌಕರರು ತಮ್ಮ ಮ್ಯಾನೇಜರಿಗೆ 'ನಾನು ಒಪ್ಪಲ್ಲ' ಅನ್ನೋಕೆ ಎಷ್ಟು ಸಲ ಹೆದರುತ್ತಾರೆ ಅಂತ. ಈ ಹೆದರಿಕೆ ಅನ್ನೋ ಪದವನ್ನ ದಯವಿಟ್ಟು ಸ್ವಲ್ಪ ಹೊತ್ತು ನೆನಪಿಟ್ಟುಕೊಳ್ಳಿ.

ನಾವು 'ಇಲ್ಲ' ಅನ್ನಲ್ಲ ಅನ್ನೋದು ಸುಳ್ಳು ಅಂತ ನಾನು ಹೇಳ್ತಿಲ್ಲ. ಕನ್ನಡದಲ್ಲಿ 'ಇಲ್ಲ' ಅನ್ನದೇ ಇಲ್ಲ ಅನ್ನೋಕೆ ಎಷ್ಟು ದಾರಿ ಇದೆ ನೋಡಿ. "ನೋಡೋಣ." "ಮಾಡೋಣ ಬಿಡಿ." "ಹೇಳಿ ಕಳಿಸ್ತೀನಿ." "ಯೋಚನೆ ಮಾಡ್ಬೇಡಿ." ಹುಡುಗಿ ನೋಡಿ ಬಂದ ಮೇಲೆ "ಮನೆಯಲ್ಲಿ ಮಾತಾಡಿ ತಿಳಿಸ್ತೀವಿ" ಅಂದ್ರೆ ಎಲ್ಲರಿಗೂ ಅರ್ಥ ಆಗುತ್ತೆ. ದರ್ಜಿ "ನಾಳೆ ಬನ್ನಿ ಸಾರ್" ಅಂದ್ರೆ ಬಟ್ಟೆಗೆ ಇನ್ನೂ ಕತ್ತರಿ ಬಿದ್ದಿಲ್ಲ ಅಂತ. ಅಷ್ಟೇ ಯಾಕೆ, ಊರಿಗೆ ದೆವ್ವ ಬಂದು ಬಾಗಿಲು ಬಡಿಯುತ್ತೆ ಅಂತ ಸುದ್ದಿ ಹಬ್ಬಿದಾಗ ನಮ್ಮ ಜನ ಬಾಗಿಲ ಮೇಲೆ 'ಬರಬೇಡ' ಅಂತ ಬರೆಯಲಿಲ್ಲ, 'ನಾಳೆ ಬಾ' ಅಂತ ಬರೆದರು! ದೆವ್ವದ ಮನಸ್ಸೂ ನೋಯಬಾರದು ನಮಗೆ.

ಇದೆಲ್ಲ ಒಂದೇ ಊರಿನವರ ಮಧ್ಯೆ ಚೆನ್ನಾಗಿ ನಡೆಯುತ್ತೆ, ಯಾಕಂದ್ರೆ ಕೇಳುವವನಿಗೂ ಗೊತ್ತು. ಇದನ್ನ ಇಂಗ್ಲಿಷಿಗೆ ಹಾಕಿ, ಜರ್ಮನಿಗೆ ಕಳಿಸಿದಾಗ ಏನಾಗುತ್ತೆ ಅನ್ನೋದಕ್ಕೆ ನಮ್ಮ ಟೀಮಿನ ಕತೆ ಹೇಳ್ತೀನಿ.

ನಾನು ಲೀಡ್ ಆಗೋಕೆ ಒಂದು ತಿಂಗಳು ಮುಂಚಿನ ಮಾತು, ಆಗ ನಾನು ಬೇರೆ ಪ್ರಾಜೆಕ್ಟಿನಲ್ಲಿದ್ದೆ. ಹಳೇ ಸಿಸ್ಟಮಿನ ಡೇಟಾ ಎಲ್ಲ ಹೊಸದಕ್ಕೆ ಸಾಗಿಸಬೇಕಿತ್ತು. ಶನಿವಾರ ರಾತ್ರಿ ಆರು ಗಂಟೆಯ ಅವಕಾಶ. ಸ್ಕ್ರಿಪ್ಟ್ ಬರೆದವನು ಕೊಪ್ಪಳ ಕಡೆಯ ಹುಡುಗ, ಸೇರಿ ಎರಡು ವರ್ಷವೂ ಆಗಿರಲಿಲ್ಲ. ಗುರುವಾರದ ಕಾಲ್‌ನಲ್ಲಿ ಮ್ಯಾನೇಜರ್ "ಶನಿವಾರಕ್ಕೆ ಎಲ್ಲ ಸರಿ ಇದೆಯಾ?" ಅಂತ ಕೇಳಿದ. ಹುಡುಗ "ಯೆಸ್, ವಿ ವಿಲ್ ಟ್ರೈ" ಅಂದ. ಬೆಂಗಳೂರಿನಲ್ಲಿ ಆ ಕಾಲ್‌ನಲ್ಲಿ ಕೂತಿದ್ದ ಏಳೂ ಜನಕ್ಕೂ ಆಗಲ್ಲ ಅಂತ ಅರ್ಥ ಆಯ್ತಂತೆ. ಜರ್ಮನ್ನರು ಪ್ರತಿ ಮೀಟಿಂಗಿಗೂ ತಪ್ಪದೇ ನಡಾವಳಿ ಬರೀತಾರೆ, 'ಪ್ರೊಟೊಕೋಲ್' ಅಂತಾರೆ ಅದಕ್ಕೆ. ಆವತ್ತಿನ ಪ್ರೊಟೊಕೋಲ್‌ನಲ್ಲಿ ಏನಿತ್ತು ಗೊತ್ತಾ? "ಬೆಂಗಳೂರು: ಖಚಿತಪಡಿಸಿದೆ."

ಭಾನುವಾರ ಬೆಳಗಿನ ಜಾವ ಎರಡು ಗಂಟೆ ಹೊತ್ತಿಗೆ ಅರ್ಧಕ್ಕರ್ಧ ಡೇಟಾನೂ ಹೋಗಿರಲಿಲ್ಲ. ಎಲ್ಲ ವಾಪಸ್ ತಿರುಗಿಸಿದರು. ಸೋಮವಾರ ಮ್ಯಾನೇಜರ್ ಮೇಲ್: "ಇದು ಮೊದಲೇ ಗೊತ್ತಿತ್ತಾ? ಗೊತ್ತಿದ್ದರೆ ನನಗೆ ಯಾಕೆ ಹೇಳಲಿಲ್ಲ?" ಆಮೇಲಿನ ವಾರ ಹಳೇ ಲೀಡ್ ಬೇರೆ ಟೀಮಿಗೆ ಹೋದರು, ಆ ಜಾಗಕ್ಕೆ ನಾನು ಬಂದೆ. ಬಂದ ಮೂರನೇ ದಿನ ಮ್ಯಾನೇಜರ್ ನನಗೆ ವಹಿಸಿದ ಕೆಲಸ, ಈ ಹುಡುಗನನ್ನು ಇಟ್ಟುಕೊಳ್ಳಬೇಕಾ ಬೇಡವಾ ಅಂತ ಎರಡು ವಾರದಲ್ಲಿ ಬರೆದು ಕೊಡು ಅಂತ. "ಅವನು ಕೆಲಸ ಬಲ್ಲ, ಆದರೆ ಅವನ ಮಾತನ್ನು ನಂಬೋಕೆ ಆಗಲ್ಲ" ಅಂತ ಆತನ ವಾದ. ನಮ್ಮಲ್ಲಿ ಟೀಮಿನಿಂದ ಹೊರಗೆ ಹಾಕಿದವರಿಗೆ ಬೇರೆ ಟೀಮ್ ಸಿಗೋದು ಅಷ್ಟು ಸುಲಭ ಅಲ್ಲ. ಹುಡುಗನ ಮನೆ ನಡೆಯೋದು ಅವನ ಸಂಬಳದಲ್ಲೇ, ತಂಗಿಯ ಕಾಲೇಜ್ ಫೀಸೂ ಸೇರಿ.

ಆಫೀಸಿನ ಹಿಂದುಗಡೆ ಟೀ ಅಂಗಡಿಗೆ ಕರ್ಕೊಂಡು ಹೋಗಿ ಕೇಳಿದೆ.

"ನಿಂಗೆ ಗೊತ್ತಿತ್ತಾ?"

"ಗೊತ್ತಿತ್ರೀ ಅಣ್ಣಾ. ಸಣ್ಣ ಡೇಟಾ ಹಾಕಿ ನೋಡಿದ್ದೆ. ಒಂಬತ್ತು ತಾಸು ಬೇಕಾಗ್ತಿತ್ತು."

"ಮತ್ತೆ ಹೇಳ್ಬೇಕು ತಾನೇ ಮಾರಾಯ?"

"ಹೇಳೀನ್ರೀ! ಮಂಗಳವಾರನ ಹೇಳೀನಿ."

ಮೊಬೈಲ್ ತೆಗೆದು ಚಾಟ್ ತೋರಿಸಿದ. ನಿಜ. ಮಂಗಳವಾರ ಮಧ್ಯಾಹ್ನ ಹಳೇ ಲೀಡ್‌ಗೆ ಲೆಕ್ಕ ಸಮೇತ ಬರೆದಿದ್ದಾನೆ, ಆರು ತಾಸಿನಲ್ಲಿ ಆಗಲ್ಲ ಅಂತ. ಉತ್ತರ: "ಈಗ ಹೇಳಿ ಗಾಬರಿ ಮಾಡೋದು ಬೇಡ. ನೋಡೋಣ." ಪಕ್ಕದಲ್ಲಿ ಒಂದು ಹೆಬ್ಬೆಟ್ಟಿನ ಗುರುತು.

"ಗುರುವಾರ ಅವರು ನೇರವಾಗಿ ನಿನ್ನನ್ನೇ ಕೇಳಿದಾಗ?"

"ಸರ್ ಅಲ್ಲೇ ಕುಂತಿದ್ರಲ್ರೀ. ಅವ್ರು ನೋಡೋಣ ಅಂದಿದ್ರು. ನಾ ಅವ್ರ ಮುಂದನ ಆಗಂಗಿಲ್ಲ ಅಂದ್ರ ಅವ್ರ ಮರ್ಯಾದಿ ಏನಾಗ್ಬೇಕು?"

ಇದಕ್ಕೆ ಏನು ಹೇಳ್ತೀರಾ? ಅವನು ಯಾರಿಗೆ ಹೇಳಬೇಕಿತ್ತೋ ಅವರಿಗೆ, ಯಾವಾಗ ಹೇಳಬೇಕಿತ್ತೋ ಆವಾಗ, ಬರವಣಿಗೆಯಲ್ಲೇ ಹೇಳಿದ್ದ. 77 ಅಂಕದ ದೇಶದ ಎರಡು ವರ್ಷದ ಹುಡುಗ!

ಹಳೇ ಲೀಡ್ ಹತ್ರಾನೂ ಹೋದೆ. ಒಳ್ಳೆಯ ಮನುಷ್ಯ, ನನಗಿಂತ ಎಂಟು ವರ್ಷ ದೊಡ್ಡವರು. ಸ್ವಲ್ಪ ಹೊತ್ತು ಸುಮ್ಮನಿದ್ದು, "ನೋಡು, ಈ ಕೆಲಸದ ಡೇಟ್ ಅದಾಗಲೇ ಎರಡು ಸಲ ಮುಂದಕ್ಕೆ ಹೋಗಿತ್ತು. ಎರಡು ಸಲಾನೂ ಆತ ಎಲ್ಲರ ಎದುರಿಗೆ ನನ್ನ ಹೆಸರು ಓದಿದ. ಮೂರನೇ ಸಲ ನಾನಾಗೇ ಹೋಗಿ ಹೇಳೋಕೆ ನನಗೇನು ತಲೆ ಕೆಟ್ಟಿದೆಯಾ?" ಅಂದರು.

ಇದನ್ನೆಲ್ಲ ಇಬ್ಬರನ್ನೂ ಕೇಳಿಕೊಂಡೇ ಮ್ಯಾನೇಜರಿಗೆ ಹೇಳಿದೆ. ಆತ ತುಂಬಾ ಹೊತ್ತು ಮಾತಾಡಲಿಲ್ಲ. ಕೊನೆಗೆ, "ನಾನು ನನ್ನ ಬಾಸ್‌ಗೆ ಈ ಡೇಟ್ ಇನ್ನು ಬದಲಾಗಲ್ಲ ಅಂತ ಮಾತು ಕೊಟ್ಟಿದ್ದೆ" ಅಂದ. ಅಂದ್ರೆ ಲೆಕ್ಕ ಹಾಕಿ: ಹುಡುಗ ಲೀಡ್‌ಗೆ ಹೆದರಿದ, ಲೀಡ್ ಮ್ಯಾನೇಜರಿಗೆ ಹೆದರಿದರು, 35 ಅಂಕದ ಮ್ಯಾನೇಜರ್ ತನ್ನ ಮೇಲಿನವನಿಗೆ ಹೆದರಿದ. ಕೊಪ್ಪಳದಿಂದ ಜರ್ಮನಿವರೆಗೆ ಒಂದೇ ಸರಪಳಿ.

ಜರ್ಮನ್ನರು ಮುಖದ ಮೇಲೆ ಹೇಳ್ತಾರೆ ಅನ್ನೋದು ನಿಜವೇ. ನನ್ನ ಕೋಡ್ ನೋಡಿ "ಇದು ಕೆಟ್ಟದಾಗಿದೆ" ಅಂತ ನನಗೇ ಹೇಳಿ, ಅದೇ ಉಸಿರಿನಲ್ಲಿ ಊಟಕ್ಕೆ ಕರೆದವರಿದ್ದಾರೆ. ಆದ್ರೆ ಪಕ್ಕದವನಿಗೆ, ಕೆಳಗಿನವನಿಗೆ ಹೇಳೋದು ಬೇರೆ, ಮೇಲಿನವನಿಗೆ ಹೇಳೋದು ಬೇರೆ. ಫೋಕ್ಸ್‌ವ್ಯಾಗನ್ ಹಗರಣ ನೆನಪಿದೆಯಲ್ಲಾ (ನಮ್ಮ ಕಂಪನಿ ಅದಲ್ಲ, ಮತ್ತೆ ತಪ್ಪು ತಿಳೀಬೇಡಿ). ಡೀಸೆಲ್ ಕಾರಿನ ಹೊಗೆ ಪರೀಕ್ಷೆಯಲ್ಲಿ ಮೋಸ ಮಾಡುವ ಸಾಫ್ಟ್‌ವೇರ್ ಹಾಕಿದ್ದು 2015ರ ಸೆಪ್ಟೆಂಬರಿನಲ್ಲಿ ಬಯಲಾಯ್ತು. ಪ್ರಪಂಚದಾದ್ಯಂತ ಸುಮಾರು 1.1 ಕೋಟಿ ಕಾರುಗಳು. ಅದೇ ತಿಂಗಳು ಕಂಪನಿಯ ಮುಖ್ಯಸ್ಥ ಮಾರ್ಟಿನ್ ವಿಂಟರ್‌ಕಾರ್ನ್ ರಾಜೀನಾಮೆ ಕೊಟ್ಟರು. ಕೊಟ್ಟ ಖರ್ಚಿನಲ್ಲಿ, ಕೊಟ್ಟ ಸಮಯದಲ್ಲಿ ಇದು ಆಗಲ್ಲ ಅಂತ ಮೇಲಿನವರಿಗೆ ಹೇಳೋಕೆ ಅಲ್ಲಿನ ಇಂಜಿನಿಯರುಗಳು ಹೆದರುತ್ತಿದ್ದರು ಅಂತ ಆಗ ಪತ್ರಿಕೆಗಳೆಲ್ಲ ಬರೆದವು. ಗಿಡ್ಡ ಕಂಬದ ದೇಶದಲ್ಲೇ ಹೀಗೆ.

ಹಾಗಾದ್ರೆ ಏನು ಮಾಡಬೇಕು? ಈ ಪ್ರಶ್ನೆ ಇಟ್ಟುಕೊಂಡು ಓದುತ್ತಾ ಹೋದಾಗ ಸಿಕ್ಕಿದ್ದು ನಮ್ಮಿ. ಹೆಸರು ಕೇಳಿದ್ರೆ ನಮ್ಮ ಕಡೆಯ ಯಾವುದೋ ಹೋಟೆಲ್ ಇದ್ದ ಹಾಗಿದೆ, ಆದ್ರೆ ಇದು ಕ್ಯಾಲಿಫೋರ್ನಿಯಾದ ಫ್ರೀಮಾಂಟಿನಲ್ಲಿದ್ದ ಕಾರ್ಖಾನೆ. ಜನರಲ್ ಮೋಟಾರ್ಸ್ ಮತ್ತು ಟೊಯೊಟಾ ಪಾಲುದಾರಿಕೆಯಲ್ಲಿ 1984ರಲ್ಲಿ ಶುರುವಾಗಿದ್ದು. ಸ್ವಲ್ಪ ವಿವರವಾಗಿ ಹೇಳ್ತೀನಿ, ಯಾಕಂದ್ರೆ ನನಗೆ ಇದು ಬಹಳ ಹಿಡಿಸಿತು.

ಅದೇ ಜಾಗದಲ್ಲಿ ಮೊದಲು ಜನರಲ್ ಮೋಟಾರ್ಸಿನದೇ ಕಾರ್ಖಾನೆ ಇತ್ತು. ಅಲ್ಲಿನ ಕೆಲಸಗಾರರಿಗೆ ಇಡೀ ಕಂಪನಿಯಲ್ಲಿ ಭಾರೀ ಕೆಟ್ಟ ಹೆಸರು. ಕುಡಿದು ಬರೋರು, ಬರದೇ ಇರೋರು. ಒಂದೊಂದು ದಿನ ಐದರಲ್ಲಿ ಒಬ್ಬರು ಗೈರು. ಮ್ಯಾನೇಜರುಗಳ ಮೇಲಿನ ಸಿಟ್ಟಿಗೆ ಕಾರಿನ ಬಾಗಿಲ ಒಳಗೆ ಖಾಲಿ ಕೋಕ್ ಬಾಟಲಿ ಇಟ್ಟು ಮುಚ್ಚಿಬಿಡುತ್ತಿದ್ದರಂತೆ, ಕೊಂಡವನಿಗೆ ಜನ್ಮಪೂರ್ತಿ ಗಡಗಡ ಸದ್ದು! ಲೈನ್ ಮಾತ್ರ ಯಾವ ಕಾರಣಕ್ಕೂ ನಿಲ್ಲಬಾರದು. ಕಣ್ಣೆದುರೇ ತಪ್ಪು ಭಾಗ ಕೂತಿದ್ದರೂ ಕಾರು ಮುಂದಕ್ಕೆ ಹೋಗಬೇಕು, ಕೊನೆಯಲ್ಲಿ ಅಂಗಳದಲ್ಲಿ ನಿಲ್ಲಿಸಿಕೊಂಡು ಮತ್ತೆ ಬಿಚ್ಚಿ ರಿಪೇರಿ ಮಾಡ್ತಾರೆ. 1982ರಲ್ಲಿ ಬೇಸತ್ತು ಮುಚ್ಚಿದರು.

ಎರಡು ವರ್ಷದ ನಂತರ ಟೊಯೊಟಾ ಬಂದು ಅದೇ ಕಟ್ಟಡದಲ್ಲಿ, ಅದೇ ಯೂನಿಯನ್ ಜೊತೆ ಮಾತಾಡಿ, ಬಹುಪಾಲು ಅದೇ ಜನರನ್ನು ಕೆಲಸಕ್ಕೆ ತಗೊಂಡಿತು. ಶೇಕಡಾ 80ಕ್ಕೂ ಹೆಚ್ಚು ಜನ ಹಳೆಯವರೇ. ತಂಡದ ಮುಂದಾಳುಗಳಾಗುವ ನಾಲ್ಕು ನೂರಕ್ಕೂ ಹೆಚ್ಚು ಜನರನ್ನು ಮೂರು ವಾರದ ಮಟ್ಟಿಗೆ ಜಪಾನಿನ ಟೊಯೊಟಾ ಸಿಟಿಗೆ ಕಳಿಸಿ, ಅಲ್ಲಿನ ಲೈನಿನಲ್ಲೇ ಕೆಲಸಕ್ಕೆ ನಿಲ್ಲಿಸಿತು. ವಿಸಿಟಿಂಗ್ ಕಾರ್ಡ್ ಎರಡು ಕೈಯಲ್ಲಿ ಕೊಡೋದು ಕಲಿಸೋಕಲ್ಲ. ಅಲ್ಲಿ ಲೈನಿನ ಉದ್ದಕ್ಕೂ ತಲೆ ಮೇಲೆ ಒಂದು ಹಗ್ಗ ಇರುತ್ತೆ, 'ಆಂಡಾನ್' ಅಂತಾರೆ ಆ ವ್ಯವಸ್ಥೆಗೆ. ಯಾರಿಗೆ ತೊಂದರೆ ಕಂಡರೂ ಎಳೆಯಬಹುದು. ದೀಪ ಹತ್ತಿ ಸಂಗೀತ ಕೇಳಿಸುತ್ತೆ, ತಂಡದ ಮುಂದಾಳು ಓಡಿ ಬಂದು ಸಹಾಯಕ್ಕೆ ನಿಲ್ಲುತ್ತಾನೆ. ಅಷ್ಟರಲ್ಲಿ ಸರಿ ಹೋದರೆ ಸರಿ, ಇಲ್ಲದಿದ್ದರೆ ಲೈನ್ ನಿಲ್ಲುತ್ತೆ. "ಯಾರು ಎಳೆದಿದ್ದು?" ಅಂತ ಬೈಯೋಕೆ ಯಾರೂ ಬರಲ್ಲ. ಅಮೆರಿಕದವರಿಗೆ ಇದನ್ನು ನಂಬೋಕೇ ಆಗಲಿಲ್ಲವಂತೆ.

ಆ ದಿನಗಳಲ್ಲಿ ಟೊಯೊಟಾದಲ್ಲಿದ್ದು ಈ ತರಬೇತಿಗೆ ದುಡಿದ ಜಾನ್ ಶೂಕ್ ಅನ್ನೋ ಅಮೆರಿಕನ್ 2010ರಲ್ಲಿ ಇದರ ಬಗ್ಗೆ ಒಂದು ಒಳ್ಳೆ ಲೇಖನ ಬರೆದಿದ್ದಾರೆ. ಮೊದಲು ಜನರ ಮನಸ್ಸು ಬದಲಾಯಿಸಿ ಆಮೇಲೆ ಕೆಲಸ ಬದಲಾಯಿಸೋಕೆ ಹೊರಟರೆ ಆಗಲ್ಲ, ಕೆಲಸ ಮಾಡುವ ರೀತಿ ಬದಲಾಯಿಸಿ, ಮನಸ್ಸು ಹಿಂದೆ ಬರುತ್ತೆ ಅನ್ನೋದು ಅವರ ಲೆಕ್ಕ. ನಮ್ಮಿಯಲ್ಲಿ ಗೈರುಹಾಜರಿ ಶೇಕಡಾ 20ರಿಂದ 2ರ ಹತ್ತಿರಕ್ಕೆ ಇಳಿಯಿತು. ಗುಣಮಟ್ಟದಲ್ಲಿ ಜನರಲ್ ಮೋಟಾರ್ಸಿನ ಬೇರೆ ಕಾರ್ಖಾನೆಗಳನ್ನೆಲ್ಲ ಹಿಂದಕ್ಕೆ ಹಾಕಿತು. ಅದೇ ಕುಡುಕರು, ಅದೇ ಬಾಟಲಿ ಇಟ್ಟವರು ಸ್ವಾಮೀ!

ಹಗ್ಗ ಒಂದರಿಂದಲೇ ಆಗಿದ್ದಲ್ಲ ಇದು. ಕಂಪನಿ ಉಳಿಯುವುದೇ ಕಷ್ಟ ಅನ್ನೋ ಸ್ಥಿತಿ ಬರದ ಹೊರತು ಜನರನ್ನು ತೆಗೆಯಲ್ಲ, ತೆಗೆಯೋ ಮುಂಚೆ ಮ್ಯಾನೇಜರುಗಳ ಸಂಬಳ ಕಡಿಮೆ ಮಾಡ್ತೀವಿ ಅಂತ ಯೂನಿಯನ್ ಜೊತೆಗಿನ ಒಪ್ಪಂದದಲ್ಲೇ ಬರೆದಿದ್ದರು. 1988ರ ಸುಮಾರಿಗೆ ಮಾರಾಟ ಬಿದ್ದು ಕಾರ್ಖಾನೆಗೆ ಕೆಲಸವೇ ಇಲ್ಲದಾಗ ಆ ಮಾತು ಉಳಿಸಿಕೊಂಡರು. ಯಾರನ್ನೂ ತೆಗೆಯದೆ ಟ್ರೈನಿಂಗ್ ಕೊಡುತ್ತಾ ಕೂರಿಸಿದರು. ಹಗ್ಗ ಎಳೆದರೆ ಕೆಲಸ ಹೋಗಲ್ಲ ಅಂತ ನಂಬಿಕೆ ಬಂದ ಮೇಲೆ ತಾನೇ ಯಾರಾದರೂ ಎಳೆಯೋದು? ಜನರಲ್ ಮೋಟಾರ್ಸ್ ಇದನ್ನೇ ಲಾಸ್ ಏಂಜಲೀಸ್ ಬಳಿಯ ವ್ಯಾನ್ ನೈಸ್ ಕಾರ್ಖಾನೆಯಲ್ಲಿ ಮಾಡಹೋಯಿತು. ಅಲ್ಲಿ ಮೇಲ್ವಿಚಾರಕರ ಮನಸ್ಸೆಲ್ಲ ಎಷ್ಟು ಕಾರು ಹೊರಬಂತು ಅನ್ನೋದರ ಮೇಲೇ ಇತ್ತು, ಲೈನ್ ನಿಲ್ಲಿಸೋಕೆ ಅವರು ಬಿಡಲಿಲ್ಲ. ಅದು 1992ರಲ್ಲಿ ಮುಚ್ಚಿತು. ನಮ್ಮಿಯೂ ಉಳಿಯಲಿಲ್ಲ ಅನ್ನಿ. 2009ರಲ್ಲಿ ಜನರಲ್ ಮೋಟಾರ್ಸ್ ಕೈ ಬಿಟ್ಟಿತು, 2010ರ ಏಪ್ರಿಲ್‌ನಲ್ಲಿ ಬಾಗಿಲು ಹಾಕಿದರು, ಸಾವಿರಾರು ಜನ ಕೆಲಸ ಕಳೆದುಕೊಂಡರು. ಈಗ ಅಲ್ಲಿ ಟೆಸ್ಲಾ ಇದೆ.

ಇಷ್ಟು ಓದಿ ನಾನೂ 'ಜಪಾನಿನವರೇ ಸರಿ' ಅಂತ ಅಂದುಕೊಳ್ಳುವಷ್ಟರಲ್ಲಿ ಬಿಡದಿ ನೆನಪಾಯ್ತು. ಅದೇ ಟೊಯೊಟಾ ನಮ್ಮ ಮೈಸೂರು ರಸ್ತೆಯಲ್ಲಿ 1999ರ ಕೊನೆಯಿಂದ ಗಾಡಿ ಮಾಡ್ತಿದೆ. ಕ್ವಾಲಿಸ್ ನೆನಪಿದೆಯಲ್ಲ, ಅಲ್ಲಿಯದೇ. ಅಲ್ಲಿ 2006ರ ಜನವರಿಯಲ್ಲಿ ಕೆಲವು ನೌಕರರನ್ನು ವಜಾ ಮಾಡಿದ ವಿಷಯಕ್ಕೆ ಮುಷ್ಕರ, ಲಾಕೌಟ್. 2014ರ ಮಾರ್ಚ್‌ನಲ್ಲಿ ಸಂಬಳದ ಮಾತುಕತೆ ಮುರಿದು ಮತ್ತೆ ಲಾಕೌಟ್. ಅದನ್ನು ತೆರವು ಮಾಡಿದ ಮೇಲೆ ಕಂಪನಿ, ಒಳಗೆ ಬರಬೇಕಾದರೆ ಸರಿಯಾಗಿ ನಡೆದುಕೊಳ್ತೀವಿ ಅಂತ ಮುಚ್ಚಳಿಕೆಗೆ ಸಹಿ ಹಾಕಿ ಅಂದಿತು, ಕೆಲಸಗಾರರು ಹಾಕಲ್ಲ ಅಂದರು. 2020ರ ನವೆಂಬರಿನಲ್ಲಿ ಒಬ್ಬ ನೌಕರನ ಅಮಾನತಿನಿಂದ ಶುರುವಾಗಿ ಮೂರನೇ ಸಲ, ಆಗ ಕೆಲಸದ ಒತ್ತಡದ ದೂರೂ ಇತ್ತು. ಯಾರು ಸರಿ ಯಾರು ತಪ್ಪು ಅಂತ ತೀರ್ಪು ಕೊಡೋನು ನಾನಲ್ಲ, ಎರಡೂ ಕಡೆಯವರು ತಮ್ಮ ತಮ್ಮ ಮಾತು ಹೇಳಿದ್ದಾರೆ. ಆದ್ರೆ ಜಪಾನಿನ ಕಂಪನಿ, ಜಪಾನಿನ ಪದ್ಧತಿ ಅಂದ ಮಾತ್ರಕ್ಕೆ ಎಲ್ಲ ಕಡೆ ಒಂದೇ ಫಲ ಬರಲಿಲ್ಲ ಅನ್ನೋದು ಕಾಣುತ್ತಲ್ಲ. ಮುಚ್ಚಳಿಕೆ ಅನ್ನೋ ಪದ ನನಗೆ ಸ್ಕೂಲಿನಿಂದ ಗೊತ್ತು, ಅಪ್ಪನನ್ನು ಕರ್ಕೊಂಡು ಬಾ ಅನ್ನೋದರ ಮುಂದಿನ ಹಂತ ಅದು! ಅದನ್ನ ಬರೆದುಕೊಟ್ಟು ಒಳಗೆ ಹೋದವನು ನಾಳೆ ಧೈರ್ಯವಾಗಿ ಲೈನ್ ನಿಲ್ಲಿಸ್ತಾನಾ ಅನ್ನೋದು ನನ್ನ ಅನುಮಾನ.

ಸರಿ, ನಮ್ಮ ಟೀಮಿಗೆ ಬರೋಣ. ಹುಡುಗನ ಬಗ್ಗೆ ನಾನು ಬರೆದಿದ್ದು ಅರ್ಧ ಪುಟ: ಇಟ್ಟುಕೊಳ್ಳಬೇಕು, ಚಾಟ್ ಲಗತ್ತಿಸಿದೆ ಅಂತ. ಅದರ ಜೊತೆ ಮ್ಯಾನೇಜರಿಗೆ ಮೂರು ವಿಷಯ ಕೇಳಿಕೊಂಡೆ. ಡೇಟ್ ಮುಂದೆ ಹೋದಾಗ ಎಲ್ಲರ ಎದುರು ಹೆಸರು ಓದಬೇಡಿ. "ಎಲ್ಲ ಸರಿ ಇದೆಯಾ?" ಅಂತ ಕೇಳಬೇಡಿ, ಅದಕ್ಕೆ ನಮ್ಮ ಕಡೆ ಇರೋದು ಒಂದೇ ಉತ್ತರ, "ಏನು ಕೆಟ್ಟು ಹೋಗಬಹುದು?" ಅಂತ ಕೇಳಿ. ಕಾಲ್‌ಗೆ ಒಂದು ಗಂಟೆ ಮುಂಚೆ ಎಲ್ಲರೂ ಅದನ್ನ ಬರೆದು ಹಾಕಲಿ, ಚಿಕ್ಕವರು ಮೊದಲು.

"ಹಾಗಾದರೆ ಜವಾಬ್ದಾರಿ ಯಾರದು?" ಅಂದ ಆತ. ಕೇಳಬೇಕಾದ ಪ್ರಶ್ನೆಯೇ. ನನ್ನದು ಅಂದೆ, ಲೀಡ್ ಅಂತ ಮಾಡಿದ್ದೀರಲ್ಲ. ಒಪ್ಪಿದ, ಆದ್ರೆ ಪೂರ್ತಿ ಮನಸ್ಸಿನಿಂದ ಅಲ್ಲ.

ಮೊದಲ ನಾಲ್ಕು ವಾರ ಎಲ್ಲರೂ "ಏನೂ ತೊಂದರೆ ಇಲ್ಲ" ಅಂತಲೇ ಬರೆದರು. ಜರ್ಮನಿಯ ನಾಲ್ವರೂ! ಮೊದಲು ಬಾಯಿ ಬಿಟ್ಟಿದ್ದು ಪೋಲೆಂಡಿನ ಹುಡುಗಿ. ಆಕೆಗೆ ಯಾರೂ ಏನೂ ಅನ್ನಲಿಲ್ಲ ಅಂತ ಎಲ್ಲರೂ ನೋಡಿದರು. ಐದನೇ ವಾರ ಇಬ್ಬರು ಬರೆದರು. ಈ ವರ್ಷ ಮಾರ್ಚ್‌ನಲ್ಲಿ ನಮ್ಮ ಕೊಪ್ಪಳದ ಹುಡುಗ, ಬಿಡುಗಡೆಗೆ ಎರಡು ದಿನ ಇದ್ದಾಗ, "ಇದು ಹೋಗಬಾರದು, ಬ್ಯಾಕಪ್ ಪರೀಕ್ಷೆ ಆಗಿಲ್ಲ" ಅಂತ ಬರೆದು ಹಾಕಿದ. ಹತ್ತು ದಿನ ತಡವಾಯ್ತು. ಮ್ಯಾನೇಜರ್ ಅದನ್ನ ಮೇಲಕ್ಕೆ ಹೋಗಿ ಹೇಳಿದ. ಅಲ್ಲಿನ ಪಟ್ಟಿಯಲ್ಲಿ ನಮ್ಮ ಪ್ರಾಜೆಕ್ಟ್ ಹೆಸರು ಕೆಂಪು ಬಣ್ಣಕ್ಕೆ ತಿರುಗಿತು, ಆತನಿಗೆ ಚೆನ್ನಾಗೇ ಬಿತ್ತು ಅಂತ ಕೇಳಿದೆ. ಆದ್ರೆ ಆ ಏಟನ್ನ ಆತ ಕೆಳಗೆ ದಾಟಿಸಲಿಲ್ಲ. ಹುಡುಗನಿಗೆ ಒಂದು ಸಾಲಿನ ಮೇಲ್ ಬಂತು: "ಹೇಳಿದ್ದು ಒಳ್ಳೆಯದಾಯ್ತು, ಪರೀಕ್ಷೆ ಯಾವಾಗ ಮುಗಿಯುತ್ತೆ?" ಅವನು ಅದನ್ನ ನನ್ನ ಹತ್ತಿರ ತಂದು, "ಅಣ್ಣಾ, ಇದು ಬೈದಿದ್ದೋ ಹೊಗಳಿದ್ದೋ?" ಅಂತ ಕೇಳಿದ :-)

ಮಾತಿನಲ್ಲಿ ಅವನದು ಇವತ್ತಿಗೂ "ವಿ ವಿಲ್ ಟ್ರೈ"ನೇ. ಬರವಣಿಗೆಯಲ್ಲಿ ಮಾತ್ರ ಲೆಕ್ಕ ಸಮೇತ 'ಆಗಲ್ಲ' ಅಂತಾನೆ. ಮ್ಯಾನೇಜರ್ ಈಗ ಆ ಮೂರು ಪದ ಕಿವಿಗೆ ಬಿದ್ದ ತಕ್ಷಣ ಪೆನ್ನು ಕೆಳಗಿಟ್ಟು, "ಒಂದು ನಿಮಿಷ, ಇದು ಸ್ಟುಟ್‌ಗಾರ್ಟ್ ಯೆಸ್ಸಾ, ಬೆಂಗಳೂರು ಯೆಸ್ಸಾ?" ಅಂತಾನೆ. ಕಾಲ್‌ನಲ್ಲಿ ಎಲ್ಲರೂ ನಗ್ತಾರೆ, ಆಮೇಲೆ ಹುಡುಗ ವಿಷಯ ಹೇಳ್ತಾನೆ.

ಹಳೇ ಲೀಡ್ ವಿಷಯ ಮಾತ್ರ ಹಾಗೇ ಉಳಿದಿದೆ. ಅವರ ಈಗಿನ ಟೀಮಿನಲ್ಲಿ ಹೆಸರು ಓದೋದು ನಿಂತಿಲ್ಲ. ಮೊನ್ನೆ ಲಿಫ್ಟಿನಲ್ಲಿ ಸಿಕ್ಕಾಗ ನಮ್ಮಲ್ಲಿ ಮಾಡಿದ್ದನ್ನ ನಿಮ್ಮಲ್ಲೂ ಕೇಳಿ ನೋಡಿ ಸಾರ್ ಅಂದೆ. "ನೋಡೋಣ" ಅಂದರು. ಅರ್ಥ ಆಯ್ತು ನನಗೆ.

ಅಂದ ಹಾಗೆ, ನಿಮ್ಮ ನಿಮ್ಮ ಊರಿನ ಕಡೆ ಇಲ್ಲ ಅನ್ನದೇ ಇಲ್ಲ ಅನ್ನೋ ಮಾತುಗಳು ಯಾವುವಿವೆ? ಕರಾವಳಿಯವರದು, ಮಲೆನಾಡಿನವರದು ಬೇರೆಯೇ ಇರಬೇಕು. ಬರೆದು ಕಳಿಸಿ. ಪಟ್ಟಿ ಮಾಡಿ ನಮ್ಮ ಜರ್ಮನ್ ಮ್ಯಾನೇಜರಿಗೆ ಕೊಡ್ತೀನಿ ಅಂತ ಹೇಳಿದೀನಿ, ಆತ ಕೇಳ್ತಾ ಇದ್ದಾನೆ.